ನೂರೆಂಟು ದಿನ: ತೆರೆಯ ಮೇಲೆ ಬಂದದ್ದು, ಬಾರದೆ ಉಳಿದದ್ದು



1973ರಲ್ಲಿ ‘ಗಂಧದ ಗುಡಿ’ ಬಿಡುಗಡೆಯಾದಾಗ ಅದರಲ್ಲಿ ಡಾ. ರಾಜ್‌ಕುಮಾರ್ ಅರಣ್ಯಾಧಿಕಾರಿ. ಖಾಕಿ ತೊಟ್ಟು, ಕಾಡುಗಳ್ಳರ ಬೆನ್ನುಹತ್ತಿ, ಕಾಡನ್ನೂ ಪ್ರಾಣಿಗಳನ್ನೂ ಉಳಿಸುವ ಪಾತ್ರ. ಆ ಸಿನಿಮಾ ಬಂದು 27 ವರ್ಷಗಳಾದ ಮೇಲೆ, ಗಂಧ ಮತ್ತು ದಂತ ಕದ್ದು ಬದುಕಿದ ಒಬ್ಬ ಕಾಡುಗಳ್ಳ ಅದೇ ರಾಜ್‌ಕುಮಾರ್ ಅವರನ್ನು ಮನೆಯಿಂದ ಎಬ್ಬಿಸಿಕೊಂಡು ಕಾಡಿಗೆ ಕರೆದೊಯ್ದ. ಕಥೆಗಾರನೊಬ್ಬ ಇದನ್ನು ಬರೆದುಕೊಂಡು ಬಂದಿದ್ದರೆ ಗಾಂಧಿನಗರದ ಯಾವ ನಿರ್ಮಾಪಕನೂ ನಂಬುತ್ತಿರಲಿಲ್ಲ. ‘ಸ್ವಾಮಿ, ಇದು ಅತಿಯಾಯ್ತು’ ಎಂದು ವಾಪಸ್ಸು ಕಳಿಸುತ್ತಿದ್ದರು.

ಆದರೆ ಅದು ನಡೆಯಿತು. 2000ನೇ ಇಸವಿ ಜುಲೈ 30ರ ರಾತ್ರಿಯಿಂದ ನವೆಂಬರ್ 15ರವರೆಗೆ, ಒಟ್ಟು 108 ದಿನ. ಆಗಲೇ ಹೊರದೇಶದಲ್ಲಿದ್ದವರಿಗೆ ಆ ದಿನಗಳು ನೆನಪಿರುತ್ತವೆ. ವಾಟ್ಸಾಪ್ ಇಲ್ಲದ ಕಾಲ. ಫೋನ್ ಕಾರ್ಡು ಕೊಂಡು ಊರಿಗೆ ಕರೆ ಮಾಡಿದರೆ ಮನೆಯವರ ಆರೋಗ್ಯಕ್ಕಿಂತ ಮೊದಲು ‘ಅಣ್ಣಾವ್ರು ಬಂದ್ರಾ?’ ಎಂದು ಕೇಳುತ್ತಿದ್ದ ಕಾಲ. ನಿಮ್ಮ ಮಕ್ಕಳಿಗೆ ಮಾತ್ರ ಈ ಸಂಗತಿ ಗೊತ್ತಿರುವುದು ಸಿನಿಮಾದಿಂದ, ಈಚೆಗೆ ಬಂದ ಓಟಿಟಿ ಸರಣಿಗಳಿಂದ. ಅದಕ್ಕೇ ಇವತ್ತು ಆ ಸಿನಿಮಾಗಳಿಂದಲೇ ಹೊರಟು, ಅವು ಹೇಳಿದ್ದೆಷ್ಟು, ಬಿಟ್ಟದ್ದೆಷ್ಟು ಎಂದು ನೋಡೋಣ.

ವೀರಪ್ಪನ್ ಕುರಿತ ಕನ್ನಡ ಚಿತ್ರಗಳಲ್ಲಿ ಮೊದಲನೆಯದು 1991ರಷ್ಟು ಹಿಂದೆಯೇ ಬಂತು. ದೇವರಾಜ್ ಅಭಿನಯಿಸಿದ ‘ವೀರಪ್ಪನ್’ ಅದು. ಆಗ ಅವನಿನ್ನೂ ಕಾಡಿನಲ್ಲಿ ಓಡಾಡಿಕೊಂಡಿದ್ದ. 2013ರಲ್ಲಿ ಎ.ಎಂ.ಆರ್. ರಮೇಶ್ ನಿರ್ದೇಶನದ ‘ಅಟ್ಟಹಾಸ’ ಬಂತು. ತಮಿಳಿನಲ್ಲಿ ಅದರ ಹೆಸರು ‘ವನಯುದ್ಧಂ’. ಕಿಶೋರ್ ವೀರಪ್ಪನ್, ಅರ್ಜುನ್ ಸರ್ಜಾ ಪೊಲೀಸ್ ಅಧಿಕಾರಿ ವಿಜಯಕುಮಾರ್, ಸುರೇಶ್ ಓಬೆರಾಯ್ ರಾಜ್‌ಕುಮಾರ್. ನಿಜ ಘಟನೆಗಳನ್ನು ಹೆಸರು ಸಹಿತ ತೆರೆಗೆ ತರುವುದು ರಮೇಶ್ ಅವರಿಗೆ ಹೊಸದಲ್ಲ; ರಾಜೀವ್ ಗಾಂಧಿ ಹಂತಕರ ಕೊನೆಯ ದಿನಗಳ ಬಗ್ಗೆ ‘ಸಯನೈಡ್’ ಮಾಡಿದವರೂ ಅವರೇ. ಆಮೇಲೆ 2016ರ ಹೊಸವರ್ಷದ ದಿನ ರಾಮ್‌ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ ಬಂತು. ಅದರಲ್ಲಿ ವೀರಪ್ಪನ್‌ನನ್ನು ಬೇಟೆಯಾಡುವ ಅಧಿಕಾರಿಯ ಪಾತ್ರ ಮಾಡಿದವರು ಶಿವರಾಜ್‌ಕುಮಾರ್. ತಂದೆಯನ್ನು ಒಯ್ದವನ ಮೇಲೆ ಮಗ ಬಂದೂಕು ಹಿಡಿದು ಹೊರಟರೆ ಚಿತ್ರಮಂದಿರದಲ್ಲಿ ಶಿಳ್ಳೆ ಬೀಳದೆ ಇರುತ್ತದೆಯೇ?

ಈ ಚಿತ್ರಗಳಿಗೆ ಬೇಕಾದದ್ದು ಬೇಟೆ ಮತ್ತು ಬೇಟೆಯ ಕೊನೆ. ಅಪಹರಣ ಅವುಗಳಲ್ಲಿ ಒಂದು ಘಟ್ಟ ಮಾತ್ರ. ಎರಡೂವರೆ ಗಂಟೆಯ ಸಿನಿಮಾಕ್ಕೆ ಅದು ಸಹಜವೇ. ಆದರೆ ಇತಿಹಾಸದ ದೃಷ್ಟಿಯಿಂದ ಆ 108 ದಿನಗಳ ದೊಡ್ಡ ಪ್ರಶ್ನೆ ಕಾಡಿನಲ್ಲಿ ಬಂದೂಕಿನಿಂದ ತೀರ್ಮಾನವಾಗಲಿಲ್ಲ. ಅದು ದೆಹಲಿಯಲ್ಲಿ, ಸುಪ್ರೀಂ ಕೋರ್ಟಿನ ಒಂದು ಕೊಠಡಿಯಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ಅರ್ಜಿಯ ಮೇಲೆ ತೀರ್ಮಾನವಾಯಿತು. ಅಲ್ಲಿಗೆ ಬರುವ ಮೊದಲು ನೆಲದ ಕಥೆ ಸ್ವಲ್ಪ ಹೇಳಬೇಕು.

ಭೂಪಟದಲ್ಲಿ ಗಾಜನೂರನ್ನು ಹುಡುಕಿ. ಚಾಮರಾಜನಗರದಿಂದ ಹೆಚ್ಚು ದೂರವಿಲ್ಲ. ಊರ ತುಂಬ ಕನ್ನಡ ಮಾತು. ಆದರೂ ಅದು ಇರುವುದು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿ, ಈರೋಡು ಜಿಲ್ಲೆಯಲ್ಲಿ. ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲವೂ ತಾಳವಾಡಿಯೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಆ ಕಡೆಯೇ ಉಳಿಯಿತು. ಹೀಗಾಗಿ ಕನ್ನಡದ ಅತಿ ದೊಡ್ಡ ನಟನ ಹುಟ್ಟೂರು ತಮಿಳುನಾಡಿನದಾಯಿತು. ಇನ್ನೊಂದು ಕಡೆ, ಕೊಳ್ಳೇಗಾಲ ತಾಲ್ಲೂಕಿನ ಅಂಚಿನ ಗೋಪಿನಾಥಂ ಎಂಬ ಊರು ಕರ್ನಾಟಕದ್ದಾಯಿತು. ತಮಿಳು ಮನೆಮಾತಿನ ವೀರಪ್ಪನ್ ಹುಟ್ಟಿದ್ದು ಅಲ್ಲಿ. ತಮಿಳರ ಪರ ಎಂದು ಬೇಡಿಕೆ ಇಟ್ಟವನು ಕರ್ನಾಟಕದ ನೆಲದವನು, ಅವನು ಹಿಡಿದ ಕನ್ನಡದ ಮೇರುನಟ ತಮಿಳುನಾಡಿನ ನೆಲದವರು. ಗಡಿ ಎಂಬುದು ಮನುಷ್ಯರ ಮೇಲೆ ಎಷ್ಟು ಅಡ್ಡಾದಿಡ್ಡಿಯಾಗಿ ಹಾದುಹೋಗುತ್ತದೆ ನೋಡಿ. ಈ ಗಡಿಯೇ ವೀರಪ್ಪನ್‌ನ ರಕ್ಷಣೆಯೂ ಆಗಿತ್ತು. ಎರಡು ರಾಜ್ಯಗಳ ಪೊಲೀಸರು, ಎರಡು ಅರಣ್ಯ ಇಲಾಖೆಗಳು, ನಡುವೆ ಒಂದೇ ಕಾಡು.

ಆ ಕಾಡಿನಲ್ಲಿ ಅವನು ಮಾಡಿದ್ದನ್ನು ಮರೆತು ಮುಂದಿನ ಮಾತು ಅರ್ಥವಾಗುವುದಿಲ್ಲ. 1991ರ ನವೆಂಬರ್‌ನಲ್ಲಿ, ಅವನನ್ನು ಶರಣಾಗತಿಗೆ ಒಪ್ಪಿಸಬಹುದೆಂದು ನಂಬಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದು ತಲೆ ಕಡಿದ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುಹಾಕಿ ಎಸ್‌.ಪಿ. ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರನ್ನೂ ಜೊತೆಯ ಪೊಲೀಸರನ್ನೂ ಕೊಂದ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ನೆಲಬಾಂಬ್ ಸಿಡಿಸಿ 22 ಜನರನ್ನು ಬಲಿತೆಗೆದುಕೊಂಡ. ಇವುಗಳ ಹಿಂದೆಯೇ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಕಾಡಂಚಿನ ಹಳ್ಳಿಗಳಿಗೆ ನುಗ್ಗಿತು. ನೂರಾರು ಹಳ್ಳಿಗರನ್ನು ಹಿಡಿದರು. ಅನೇಕರ ಮೇಲೆ ಟಾಡಾ ಹಾಕಿದರು. 1987ರ ಆ ಕಾಯ್ದೆ 1995ರಲ್ಲಿ ಅವಧಿ ಮುಗಿದು ಬಿದ್ದುಹೋದರೂ ಅದರಡಿ ದಾಖಲಾದ ಮೊಕದ್ದಮೆಗಳು ಮುಂದುವರಿದವು. 2000ದಲ್ಲಿ ಮೈಸೂರು ಜೈಲಿನಲ್ಲಿ ಹೀಗೆ ವಿಚಾರಣೆಗಾಗಿ ಕಾಯುತ್ತಿದ್ದವರು 51 ಜನ.

ಇನ್ನು ಆ ರಾತ್ರಿ. ಭೀಮನ ಅಮಾವಾಸ್ಯೆ. 71 ವರ್ಷದ ರಾಜ್‌ಕುಮಾರ್ ಗಾಜನೂರಿನ ತೋಟದ ಮನೆಯಲ್ಲಿದ್ದರು. ಊರಲ್ಲಿ ಹೊಸ ಮನೆ ಕಟ್ಟಿಸಿದ್ದರು. ರಾತ್ರಿ ಊಟವಾದ ಹೊತ್ತಿಗೆ ವೀರಪ್ಪನ್ ಹತ್ತು ಹನ್ನೆರಡು ಜನರೊಡನೆ ಮನೆಗೆ ಬಂದ. ರಾಜ್‌ಕುಮಾರ್ ಜೊತೆಗೆ ಅಳಿಯ ಗೋವಿಂದರಾಜು, ಬಂಧು ನಾಗೇಶ್, ಸಹಾಯಕ ನಿರ್ದೇಶಕ ನಾಗಪ್ಪ ಮಾರಡಗಿ ಅವರನ್ನೂ ಕರೆದುಕೊಂಡು ಹೋದ. ಪಾರ್ವತಮ್ಮನವರ ಕೈಗೆ ಮುಖ್ಯಮಂತ್ರಿಗೆಂದು ಒಂದು ಕ್ಯಾಸೆಟ್ಟು ಕೊಟ್ಟ. ಆಕೆ ಕೂಗಾಡುತ್ತ ಕೂರಲಿಲ್ಲ. ಅದೇ ರಾತ್ರಿ ಕಾರು ಹತ್ತಿ ಬೆಂಗಳೂರಿಗೆ ಹೊರಟು ಎಸ್‌.ಎಂ. ಕೃಷ್ಣ ಅವರ ಮನೆ ತಲುಪಿದರು.

ಬೆಳಗಾಗುವಷ್ಟರಲ್ಲಿ ಬೆಂಗಳೂರು ಸ್ತಬ್ಧ. ಅಂಗಡಿ, ಶಾಲೆ, ಚಿತ್ರಮಂದಿರ ಎಲ್ಲ ಬಂದ್. ಕೃಷ್ಣ ಚೆನ್ನೈಗೆ ಹೋಗಿ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿಯವರನ್ನು ಕಂಡರು. ಅಪಹರಣ ನಡೆದದ್ದು ತಮಿಳುನಾಡಿನ ಪೊಲೀಸು ವ್ಯಾಪ್ತಿಯಲ್ಲಿ, ಅದರ ಬೆಂಕಿ ಹತ್ತಿಕೊಂಡದ್ದು ಕರ್ನಾಟಕದಲ್ಲಿ. ಇಬ್ಬರೂ ಸೇರಿ ‘ನಕ್ಕೀರನ್’ ಪತ್ರಿಕೆಯ ಸಂಪಾದಕ ಗೋಪಾಲ್ ಅವರನ್ನು ದೂತನಾಗಿ ಕಾಡಿಗೆ ಕಳಿಸಿದರು.

ಕಾಡಿನಿಂದ ಬಂದ ಬೇಡಿಕೆಗಳ ಪಟ್ಟಿ ಓದಿದರೆ ಅದು ಬರೀ ಗಂಧದ ಕಳ್ಳನ ಪಟ್ಟಿಯಲ್ಲ ಎಂದು ಗೊತ್ತಾಗುತ್ತದೆ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದಂತೆ 205 ಟಿಎಂಸಿ ನೀರು ಬಿಡಬೇಕು. 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ ಕೊಡಬೇಕು. ಕರ್ನಾಟಕದಲ್ಲಿ ತಮಿಳು ಆಡಳಿತ ಭಾಷೆಯೂ ಆಗಬೇಕು. ಹಲಸೂರು ಕೆರೆಯ ದಂಡೆಯಲ್ಲಿ ಮುಸುಕು ಹಾಕಿಕೊಂಡು ನಿಂತ ತಿರುವಳ್ಳುವರ್ ಪ್ರತಿಮೆ ಅನಾವರಣವಾಗಬೇಕು. ಟಾಡಾ ಕೈದಿಗಳನ್ನು ಬಿಡಬೇಕು. ತಮಿಳುನಾಡಿನ ಜೈಲಿನಲ್ಲಿದ್ದ ಕೆಲವು ಉಗ್ರರನ್ನೂ ಬಿಡಬೇಕು. ನೀಲಗಿರಿಯ ಚಹಾ ಬೆಳೆಗಾರರಿಗೆ, ಮಾಂಜೋಲೈ ಎಸ್ಟೇಟಿನ ಕೂಲಿಗಳಿಗೆ ನ್ಯಾಯ ಸಿಗಬೇಕು. ಕೆಲವು ತಮಿಳು ಉಗ್ರ ರಾಷ್ಟ್ರೀಯವಾದಿ ಗುಂಪಿನವರು ಆ ಹೊತ್ತಿಗೆ ಅವನ ಜೊತೆ ಸೇರಿದ್ದರು. ಪಟ್ಟಿಯ ಭಾಷೆಯಲ್ಲಿ ಅವರ ಕೈ ಕಾಣುತ್ತದೆ. ಇದರಿಂದ ಆದ ಕೇಡೇನೆಂದರೆ, ಮಾತುಕತೆಯಿಂದ, ನ್ಯಾಯಮಂಡಳಿಯಿಂದ ತೀರಬೇಕಾದ ನಿಜವಾದ ತಕರಾರುಗಳು ಒಬ್ಬ ಕೊಲೆಗಾರನ ಬಾಯಿಂದ ಬಂದವು. 1991ರ ಡಿಸೆಂಬರ್ ನೆನಪಿದ್ದ ಬೆಂಗಳೂರಿನ ತಮಿಳು ಮನೆಗಳು ಬಾಗಿಲು ಹಾಕಿಕೊಂಡು ಕುಳಿತವು. ರಾಜ್‌ಕುಮಾರ್ ಕುಟುಂಬದವರು ಶಾಂತಿಯಿಂದಿರಿ ಎಂದು ಅಭಿಮಾನಿಗಳಿಗೆ ಮತ್ತೆ ಮತ್ತೆ ಮನವಿ ಮಾಡಿದರು. 1991ರಂಥದ್ದು ಮರುಕಳಿಸಲಿಲ್ಲ. ಆ 108 ದಿನಗಳಲ್ಲಿ ಆದ ಒಳ್ಳೆಯ ಸಂಗತಿ ಇದು. ಸಿನಿಮಾ ಮಾಡಲು ಇದರಲ್ಲಿ ಏನೂ ಇಲ್ಲ. ಕಲ್ಲೆಸೆಯದೆ ಮನೆಗೆ ಹೋದವನ ಮೇಲೆ ಯಾರು ಕ್ಯಾಮೆರಾ ಇಡುತ್ತಾರೆ?

ಸೆರೆಯ ಬದುಕು ಹೇಗಿರುತ್ತದೆ? 1997ರ ಅಕ್ಟೋಬರ್‌ನಲ್ಲಿ ಬಂಡೀಪುರದಿಂದ ವೀರಪ್ಪನ್ ಕೈಗೆ ಸಿಕ್ಕಿ 14 ದಿನ ಅವನ ಜೊತೆಗಿದ್ದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಆ ಅನುಭವವನ್ನು ಪುಸ್ತಕವಾಗಿ ಬರೆದಿದ್ದಾರೆ. ಸಿನಿಮಾದ ಅಬ್ಬರದಿಂದ ಅದಕ್ಕೆ ಬಂದರೆ ಬೇರೆಯೇ ಲೋಕ: ಹಸಿವು, ಮಳೆ, ನಡಿಗೆ, ಬೇಸರ, ಕೊಲ್ಲಬಲ್ಲವನ ಜೊತೆ ಕೂತು ಹರಟುವ ವಿಚಿತ್ರ ಸಲಿಗೆ. ಹೊರಜಗತ್ತು ಆ ಕಾಡಿಗೆ ಬರುತ್ತಿದ್ದದ್ದು ರೇಡಿಯೊದಿಂದ. ವೀರಪ್ಪನ್ ತನ್ನ ಬಗ್ಗೆ ಸರ್ಕಾರ ಏನು ಹೇಳಿತೆಂದು ರೇಡಿಯೊ ಸುದ್ದಿಯಲ್ಲೇ ಕೇಳಿಕೊಳ್ಳುತ್ತಿದ್ದ. 2000ದ ಒತ್ತೆಯಾಳುಗಳಲ್ಲಿ ನಾಗಪ್ಪ ಮಾರಡಗಿ ಸೆಪ್ಟೆಂಬರ್ ಕೊನೆಯಲ್ಲಿ ತಪ್ಪಿಸಿಕೊಂಡು ಬಂದರು. ಮಿಕ್ಕವರ ಮೇಲೆ ಇದರ ಸಿಟ್ಟು ತೀರಿಸಿಕೊಳ್ಳುತ್ತಾನೋ ಎಂದು ನಾಡೇ ನಡುಗಿತು. ಹಾಗಾಗಲಿಲ್ಲ.

ಈಗ ದೆಹಲಿಗೆ ಬರೋಣ.

ಆಗಸ್ಟ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಟಾಡಾ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ನಿರ್ಧರಿಸಿತು. ಆ ಆರೋಪ ಬಿದ್ದರೆ ಉಳಿದ ಆರೋಪಗಳಲ್ಲಿ ಜಾಮೀನು ಸಿಗುತ್ತದೆ, ಕೈದಿಗಳು ಹೊರಬರುತ್ತಾರೆ, ರಾಜ್‌ಕುಮಾರ್ ಮನೆಗೆ ಬರುತ್ತಾರೆ ಎಂಬ ಲೆಕ್ಕ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನ ಪ್ರಕಾರ ಸರ್ಕಾರಿ ಅಭಿಯೋಜಕ ನ್ಯಾಯಾಲಯದ ಒಪ್ಪಿಗೆ ಪಡೆದು ಮೊಕದ್ದಮೆ ಹಿಂತೆಗೆದುಕೊಳ್ಳಬಹುದಿತ್ತು. ಮೈಸೂರಿನ ವಿಶೇಷ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಬೀದಿಯಲ್ಲಿ ಯಾರೂ ಇದನ್ನು ವಿರೋಧಿಸುವ ಸ್ಥಿತಿಯಲ್ಲಿರಲಿಲ್ಲ. ‘ಅಣ್ಣಾವ್ರು ಬರಲಿ, ಮಿಕ್ಕಿದ್ದು ಆಮೇಲೆ’ ಎಂಬುದು ಎಲ್ಲರ ಮಾತು. ನಿಮ್ಮದೂ ಅದೇ ಆಗಿದ್ದಿರಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಒಬ್ಬರು ಮಾತ್ರ ಬೇಡ ಎಂದರು. ಅವರ ಹೆಸರು ಅಬ್ದುಲ್ ಕರೀಂ. ಮೀಣ್ಯಂನಲ್ಲಿ ಸತ್ತ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. ನನ್ನ ಮಗನನ್ನು ಕೊಂದ ಗುಂಪಿನವರೆಂದು ನೀವೇ ಆರೋಪಿಸಿದವರನ್ನು ವಿಚಾರಣೆಯಿಲ್ಲದೆ ಬಿಡುವುದು ಹೇಗೆ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಇಡೀ ನಾಡಿನ ಪ್ರೀತಿ ಒಂದು ತಕ್ಕಡಿಯಲ್ಲಿ, ಒಬ್ಬ ತಂದೆಯ ದುಃಖ ಇನ್ನೊಂದರಲ್ಲಿ. ಆ ಹೊತ್ತಿನಲ್ಲಿ ಹಾಗೆ ಎದ್ದು ನಿಲ್ಲಲು ಎಂಥ ಎದೆಗಾರಿಕೆ ಬೇಕು, ಯೋಚಿಸಿ ನೋಡಿ.

ಕೋರ್ಟು ಮೊದಲು ಬಿಡುಗಡೆಗೆ ತಡೆ ಕೊಟ್ಟಿತು. ನಂತರ 2000ದ ನವೆಂಬರ್ 7ರಂದು ನ್ಯಾಯಮೂರ್ತಿಗಳಾದ ಎಸ್‌.ಪಿ. ಭರೂಚಾ, ಡಿ.ಪಿ. ಮೊಹಾಪಾತ್ರ, ವೈ.ಕೆ. ಸಭರ್ವಾಲ್ ಅವರ ಪೀಠ ತೀರ್ಪು ಕೊಟ್ಟು ಮೈಸೂರು ನ್ಯಾಯಾಲಯದ ಒಪ್ಪಿಗೆಯನ್ನು ರದ್ದುಮಾಡಿತು. ತೀರ್ಪಿನ ತಿರುಳು ಸರಳ. ಮೊಕದ್ದಮೆ ಹಿಂತೆಗೆಯುವ ತೀರ್ಮಾನ ಅಭಿಯೋಜಕನದು. ಸರ್ಕಾರ ಹೇಳಿತೆಂದು ಅವನು ಸಹಿ ಹಾಕುವ ಹಾಗಿಲ್ಲ, ಸ್ವತಃ ವಿವೇಚನೆ ಮಾಡಿ ಅದು ಸಾರ್ವಜನಿಕ ಹಿತದ್ದೆಂದು ಒಪ್ಪಬೇಕು. ನ್ಯಾಯಾಲಯವೂ ಸಂಬಂಧಪಟ್ಟ ದಾಖಲೆ ನೋಡಿಯೇ ಒಪ್ಪಿಗೆ ಕೊಡಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಬೇಡಿಕೆ ಒಪ್ಪಿದರೆ ಒತ್ತೆಯಾಳು ಬಂದೇ ಬರುತ್ತಾರೆಂಬ ಖಾತರಿ ಏನು ಎಂಬ ಪ್ರಶ್ನೆಯನ್ನೂ ಸರ್ಕಾರ ಸರಿಯಾಗಿ ಎದುರಿಸಿರಲಿಲ್ಲ.

ತೀರ್ಪು ಕೇಳಿ ಕರ್ನಾಟಕದ ಕೈಕಾಲು ತಣ್ಣಗಾಯಿತು. ಕೊಡಲು ಇದ್ದದ್ದೇ ಅದು, ಅದನ್ನೂ ಕೋರ್ಟು ಕಿತ್ತುಕೊಂಡಿತಲ್ಲ, ಇನ್ನು ಅವರು ಬರುವುದುಂಟೇ ಎಂದುಕೊಂಡರು. ಎಂಟೇ ದಿನ. ನವೆಂಬರ್ 15ರಂದು ರಾಜ್‌ಕುಮಾರ್ ಬಿಡುಗಡೆಯಾದರು. ಕೊನೆಯ ಹಂತದಲ್ಲಿ ತಮಿಳು ನಾಯಕ ಪಿ. ನೆಡುಮಾರನ್ ಮತ್ತು ಸಂಗಡಿಗರು ಕಾಡಿಗೆ ಹೋಗಿ ಮಾತನಾಡಿದ್ದರು. ಹಣವೂ ಸಂದಾಯವಾಯಿತೆಂದು ಆಗಿನ ಪೊಲೀಸ್ ಮಹಾನಿರ್ದೇಶಕ ಸಿ. ದಿನಕರ್ ಆಮೇಲೆ ತಮ್ಮ ಪುಸ್ತಕದಲ್ಲಿ ಆಪಾದಿಸಿದರು. ಆಗ ಅಧಿಕಾರದಲ್ಲಿದ್ದವರು ಅಲ್ಲಗಳೆದರು. ಅದು ಏನೇ ಇರಲಿ, ಕಣ್ಣೆದುರಿನ ಸಂಗತಿ ಒಂದಿದೆ: ಟಾಡಾ ಕೈದಿಗಳು ಬಿಡುಗಡೆಯಾಗದೆಯೇ ರಾಜ್‌ಕುಮಾರ್ ಮನೆಗೆ ಬಂದರು.

ಕಥೆ ಇಲ್ಲಿಗೇ ನಿಂತರೆ ಅದು ಕಾನೂನಿನ ಗೆಲುವಿನ ಚಂದದ ಕಥೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಮರುವರ್ಷ, 2001ರಲ್ಲಿ, ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆಯಾದರು. ಶಿಕ್ಷೆಯಾದದ್ದು ಕೆಲವರಿಗೆ ಮಾತ್ರ. ಅಂದರೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತವರಲ್ಲಿ ಹೆಚ್ಚಿನವರ ಮೇಲಿನ ಆರೋಪ ನಿಲ್ಲಲಿಲ್ಲ. ಪಾಲಾರ್ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟು ಗಲ್ಲು ವಿಧಿಸಿತು. 2014ರಲ್ಲಿ, ಕ್ಷಮಾದಾನ ಅರ್ಜಿಯ ವಿಳಂಬದ ಕಾರಣಕ್ಕೆ, ಅದೇ ಕೋರ್ಟು ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ಕೇಳಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ ಪರಿಹಾರ ಕೊಡಿಸಲು ಹೇಳಿತು.

ಹಾಗಾದರೆ ಆ ತಂದೆ ಕೇಳಿದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಅವರು ಕೇಳಿದ್ದು ವಿಚಾರಣೆ. ವಿಚಾರಣೆ ನಡೆದದ್ದರಿಂದಲೇ ತಪ್ಪಿಲ್ಲದವರು ತಪ್ಪಿಲ್ಲದವರೆಂದು ಹೊರಬಂದರು. ಒತ್ತೆಯಾಳಿಗೆ ಬದಲಾಗಿ ಬಿಟ್ಟಿದ್ದರೆ ಅವರೆಲ್ಲ ಸಾಯುವತನಕ ವೀರಪ್ಪನ್ ಕಡೆಯವರೆಂಬ ಹಣೆಪಟ್ಟಿ ಹೊತ್ತು ತಿರುಗಬೇಕಿತ್ತು. ತಪ್ಪಾದದ್ದು ಆ ವಿಚಾರಣೆಗೆ ಅಷ್ಟು ವರ್ಷ ಹಿಡಿದದ್ದು. ಗುಡ್ಡದ ಹಳ್ಳಿಯ ಬಡವ ಎಂಟು ವರ್ಷ ಜೈಲಿನಲ್ಲಿದ್ದದ್ದು ಯಾರಿಗೂ ಕಾಣಲಿಲ್ಲ; ಅವನ ಹೆಸರು ಪತ್ರಿಕೆಗೆ ಬಂದದ್ದು ಮೇರುನಟನೊಬ್ಬ ಕಾಡಿಗೆ ಹೋದಾಗ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 2002ರ ಆಗಸ್ಟ್ 25ರಂದು ವೀರಪ್ಪನ್ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಮನೆಯಿಂದ ಎತ್ತಿಕೊಂಡು ಹೋದ. ನೂರಕ್ಕೂ ಹೆಚ್ಚು ದಿನಗಳ ಬಳಿಕ, ಡಿಸೆಂಬರ್ 8ರಂದು, ಕಾಡಿನಲ್ಲಿ ಅವರ ಹೆಣ ಸಿಕ್ಕಿತು. ಅವರಿಗಾಗಿ ಬೆಂಗಳೂರು ಬಂದ್ ಆಗಿ ಕೂರಲಿಲ್ಲ, ಅವರ ಸೆರೆಯನ್ನು ನಡುವಿಟ್ಟು ಯಾರೂ ಸಿನಿಮಾ ಮಾಡಲಿಲ್ಲ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಆಂಬುಲೆನ್ಸ್‌ನಲ್ಲಿ ಹೋಗುತ್ತಿದ್ದ ವೀರಪ್ಪನ್‌ನನ್ನು ತಮಿಳುನಾಡು ಕಾರ್ಯಪಡೆ ಕೊಂದಿತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಅಪಹರಣದ ವರ್ಷವೇ ತೆರೆಕಂಡಿದ್ದ ‘ಶಬ್ದವೇಧಿ’ ಅವರ ಕೊನೆಯ ಚಿತ್ರವಾಗಿ ಉಳಿಯಿತು. ಅಪಹರಣದ ಮೊಕದ್ದಮೆ ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯದಲ್ಲಿ ತೆವಳುತ್ತ ಸಾಗಿ, 18 ವರ್ಷಗಳ ನಂತರ, 2018ರ ಸೆಪ್ಟೆಂಬರ್‌ನಲ್ಲಿ ಉಳಿದಿದ್ದ ಒಂಬತ್ತು ಆರೋಪಿಗಳೂ ಖುಲಾಸೆಯಾದರು. ಇಡೀ ನಾಡು ಉಸಿರು ಬಿಗಿಹಿಡಿದು ಕಾದಿದ್ದ ಅಪರಾಧಕ್ಕೆ ನ್ಯಾಯಾಲಯದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಬಂದೂಕು ತೋರಿಸಿ ಕೇಳಿದ ಬೇಡಿಕೆಗಳಲ್ಲಿ ಒಂದು ಮಾತ್ರ ಆಮೇಲೆ ಬೇರೆ ದಾರಿಯಲ್ಲಿ ನೆರವೇರಿತು. 2009ರ ಆಗಸ್ಟ್ 9ರಂದು ಯಡಿಯೂರಪ್ಪ ಮತ್ತು ಕರುಣಾನಿಧಿ ಒಟ್ಟಿಗೆ ನಿಂತು ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಮುಸುಕು ತೆಗೆದರು. ನಾಲ್ಕು ದಿನಗಳ ನಂತರ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. 18 ವರ್ಷ ಗಲಭೆಯಿಂದ, ಬೆದರಿಕೆಯಿಂದ ಆಗದೆ ಇದ್ದದ್ದು ಒಂದು ಪ್ರತಿಮೆಗೆ ಇನ್ನೊಂದು ಪ್ರತಿಮೆ ಎಂಬ ಸರಳ ಮರ್ಯಾದೆಯಿಂದ ಆಯಿತು. ಹೊರದೇಶದ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಮನೆಯೂ ತಮಿಳಿನ ಮನೆಯೂ ಕರಿಬೇವಿನ ಸೊಪ್ಪನ್ನು ಹಂಚಿಕೊಂಡು ಬದುಕುತ್ತವೆ. ಈ ಭಾಗ ನಮಗೆ ಬೇಗ ಅರ್ಥವಾಗುತ್ತದೆ.

‘ಅಟ್ಟಹಾಸ’ವನ್ನೋ ‘ಕಿಲ್ಲಿಂಗ್ ವೀರಪ್ಪನ್’ ಅನ್ನೋ ಮನೆಯಲ್ಲಿ ಮಕ್ಕಳ ಜೊತೆ ನೋಡುವಾಗ ಅಬ್ದುಲ್ ಕರೀಂ ಅವರ ಹೆಸರನ್ನೂ ಹೇಳಿ. ಮೈಸೂರು ಜೈಲಿನ ಆ 51 ಜನರ ವಿಷಯವನ್ನೂ ಹೇಳಿ. ಎಚ್. ನಾಗಪ್ಪನವರನ್ನು ಬಿಡಬೇಡಿ. ಮಕ್ಕಳು ‘ನೀವಾಗಿದ್ದರೆ ಕೈದಿಗಳನ್ನು ಬಿಡುತ್ತಿದ್ದಿರಾ?’ ಎಂದು ಕೇಳಬಹುದು. ತಕ್ಷಣ ಉತ್ತರ ಕೊಡಬೇಡಿ. ಅವರೇನು ಹೇಳುತ್ತಾರೋ ಮೊದಲು ಕೇಳಿಸಿಕೊಳ್ಳಿ.

ಆ 108 ದಿನಗಳನ್ನು ನೀವು ಎಲ್ಲಿದ್ದು, ಹೇಗೆ ಕಳೆದಿರಿ ಎಂಬುದನ್ನು ಬರೆದು ಕಳಿಸಿದರೆ ಎಲ್ಲರೂ ಓದಬಹುದು. ಮತ್ತೆ ಸಿಗೋಣ. ನಮಸ್ಕಾರ.